ತಮ್ಮ ಸ್ವಾಗತಕ್ಕೆ ಊದಿದವನ ಒಸಡು

ಹಲ್ಲು, ಒಸಡುಗಳ ಆರೋಗ್ಯದ ಹೊಣೆ ಹೊತ್ತ ಮಾನ್ಯರೇ,

ತಾವು ಉದ್ಘಾಟಿಸಿದ ದಂತ ಚಿಕಿತ್ಸೆಯ ಕುರ್ಚಿಗೆ ಇನ್ನೂ ನೀರು ಬಂದಿಲ್ಲ. ಅಷ್ಟರಲ್ಲಿ ನನ್ನ ಮುಂದಿನ ಹಲ್ಲುಗಳು ಹೋದವು. ಆಸ್ಪತ್ರೆ ಯಾವುದೆಂದು ಬರೆದರೆ ಅಲ್ಲಿನ ಬಡಪಾಯಿ ನರ್ಸಮ್ಮನಿಗೆ ನೋಟಿಸು ಹೋಗುತ್ತದೆ, ಆದ್ದರಿಂದ ಬರೆಯುವುದಿಲ್ಲ. ರಿಬ್ಬನ್ ಕತ್ತರಿಸಿದ ತಮಗೆ ನೆನಪಿರಲೇಬೇಕು.

ಇಲ್ಲವೇ? ನೆನಪಿಸುತ್ತೇನೆ. ಅಂದು ತಮ್ಮನ್ನು ಮೆರವಣಿಗೆಯಲ್ಲಿ ಕರೆತಂದದ್ದು ಹುಣಸೂರಿನ ನಮ್ಮ ಬ್ಯಾಂಡ್ ಸೆಟ್. ಮುಂದೆ ನಿಂತು ಕ್ಲಾರಿನೆಟ್ ಊದಿದವನು ನಾನು. ಬಿಳಿಕೆರೆಯಿಂದ ಹಾರನಹಳ್ಳಿಯವರೆಗೆ ಅದೆಷ್ಟೋ ಮದುಮಕ್ಕಳನ್ನು ಚಪ್ಪರಕ್ಕೆ ತಲುಪಿಸಿದ ವಾದ್ಯವದು. ಅದರ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳು ಗಟ್ಟಿಯಾಗಿ ಹಿಡಿಯಬೇಕು. ಹಲ್ಲು ಅಲ್ಲಾಡಿದರೆ ಸ್ವರವೂ ಅಲ್ಲಾಡುತ್ತದೆ. "ಒಸಡೇ ಹಲ್ಲಿನ ಅಡಿಪಾಯ" ಎಂದು ತಾವು ಭಾಷಣ ಮಾಡುತ್ತಿದ್ದಾಗ ನಾನು ವೇದಿಕೆಯ ಹಿಂದೆ, ನನ್ನ ಒಸಡಿನಿಂದ ಒಸರಿ ವಾದ್ಯಕ್ಕೆ ಅಂಟಿದ್ದ ರಕ್ತವನ್ನು ಒರೆಸುತ್ತಿದ್ದೆ. ಭಾಷಣ ಚೆನ್ನಾಗಿತ್ತು, ಚಪ್ಪಾಳೆಯನ್ನೂ ತಟ್ಟಿದೆ.

ಮರುದಿನವೇ ಆ ಕುರ್ಚಿಯನ್ನು ಹುಡುಕಿಕೊಂಡು ಹೋದೆ. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹಾಗೇ ಇತ್ತು. ಹಲ್ಲು ಶುಚಿ ಮಾಡುವ ಯಂತ್ರಕ್ಕೆ ನೀರು ಬೇಕು, ಪೈಪು ಎಳೆಯುವುದನ್ನು ಎಲ್ಲರೂ ಮರೆತಿದ್ದರು. ನರ್ಸಮ್ಮ ಮುಖ ಸಣ್ಣದು ಮಾಡಿಕೊಂಡು, "ಕ್ಲೀನಿಂಗ್ ಈಗಾಗಕಿಲ್ಲ ಕಣ್ರೀ, ಪೈಪ್ ಬರ್ಬೇಕು. ಹಲ್ಲು ಕೀಳ್ಸೋದಾದ್ರೆ ಹೇಳಿ, ಡಾಕ್ಟ್ರು ಪಕ್ಕದ ರೂಮಲ್ಲಿ ಕಿತ್ಕೊಡ್ತಾರೆ" ಎಂದರು. ಉಳಿಸಲು ನೀರಿಲ್ಲ, ಕೀಳಲು ಇಕ್ಕಳವಿದೆ! ಇದಕ್ಕೆ ತಮ್ಮ ಇಲಾಖೆಯಲ್ಲಿ ಏನೆನ್ನುತ್ತಾರೆ, ಸೇವೆಯೇ?

ನಮ್ಮ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ದೇವರಾಜ ಹೊಗೆಸೊಪ್ಪು ಬೆಳೆಯುವ ಮನೆಯವನು, ಒಳ್ಳೆಯ ಮನುಷ್ಯ. "ಲತೀಫಣ್ಣ, ರಕ್ತ ಬತ್ತಿದ್ರೆ ಬ್ರಷ್ ಬುಟ್ಬುಡಿ. ಒಂದ್ ಚೂರು ಒಗೆಸೊಪ್ಪು ಒಸಡಿಗಿಕ್ಕಿ, ಅಂಗೇ ನಿಂತೋಯ್ತದೆ ಕಣಣ್ಣ" ಎಂದ. ಸರ್ಕಾರ ಕೊಡದ ಮದ್ದನ್ನು ಸ್ನೇಹಿತ ಕೊಟ್ಟಾಗ ಬೇಡವೆನ್ನಲೇ? ಇಕ್ಕಿಕೊಂಡೆ. ರಕ್ತ ನಿಂತೇಬಿಟ್ಟಿತು! ನೋವೂ ಇರಲಿಲ್ಲ. ಗುಣವಾಯಿತೆಂದು ಮನೆಯಲ್ಲಿ ಸಿಹಿ ಮಾಡಿಸಿದ ಮೂರ್ಖ ನಾನು. ಹೊಗೆಸೊಪ್ಪು ರಕ್ತವನ್ನು ಮರೆಮಾಡುತ್ತದೆಯೇ ಹೊರತು ರೋಗವನ್ನು ನಿಲ್ಲಿಸುವುದಿಲ್ಲ, ರಕ್ತ ಬರುವಾಗಲೇ ಮೆತ್ತನೆಯ ಬ್ರಷ್ಷಿನಿಂದ ಒಸಡಿನ ಅಂಚನ್ನು ನಯವಾಗಿ ಉಜ್ಜಬೇಕು, ಹಲ್ಲಿಗೆ ಅಂಟಿ ಕಲ್ಲಿನಂತೆ ಗಟ್ಟಿಯಾದ ಪಾಚಿಯನ್ನು ವೈದ್ಯರಿಂದ ತೆಗೆಸಬೇಕು, ಇಲ್ಲದಿದ್ದರೆ ಒಳಗಿನ ಮೂಳೆ ಸದ್ದಿಲ್ಲದೆ ಕರಗುತ್ತದೆ ಎಂದು ಮೈಸೂರಿನ ವೈದ್ಯೆಯೊಬ್ಬರು ಬಿಡಿಸಿ ಹೇಳುವ ಹೊತ್ತಿಗೆ ನನ್ನ ಹಲ್ಲುಗಳು ಬೆರಳು ತಾಗಿದರೆ ಓಲಾಡುತ್ತಿದ್ದವು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಷ್ಟುದ್ದದ ತಮ್ಮ ಭಾಷಣದಲ್ಲಿ ಈ ಮಾತೊಂದೂ ಇರಲಿಲ್ಲವಲ್ಲ, ಏಕೆ? ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಅದರ ಹೆಸರೆತ್ತುವುದು ಸಭ್ಯತೆಯಲ್ಲವೆಂದೇ?

ಕಟ್ಟಿಸಿದ ಹಲ್ಲಿಲ್ಲವೇ ಎನ್ನುತ್ತೀರಿ. ಅದನ್ನೂ ಹಾಕಿಕೊಂಡು ಬಿಳಿಕೆರೆಯ ಮದುವೆಯೊಂದರಲ್ಲಿ ಊದಿದೆ. ಹಲ್ಲಿನ ಸೆಟ್ ಜಾರಿತು, ಸ್ವರದ ಬದಲು ಬರೀ ಗಾಳಿ ಬಂತು. ಜನ ನಕ್ಕರು. ಮನೆಗೆ ಬಂದಾಗ ಹೆಂಡತಿ ಹಾಜಿರಾಬಿ, "ಸಾಕು ಬುಡಿ, ಆ ಕ್ಲಾರಿನೆಟ್ನ ನೂಮಾನ್‌ಗೆ ಕೊಟ್ಬುಡಿ" ಎಂದಳು. ನೂಮಾನ್ ನನ್ನ ಅಣ್ಣನ ಮಗ, ನನ್ನ ಕೈಯಲ್ಲೇ ಕಲಿತವನು. ಕೊಟ್ಟೆ. ಕೊಟ್ಟು, ಹಿತ್ತಲಿಗೆ ಹೋಗಿ ಅತ್ತೆ.

ಕಳೆದ ವಾರ ನೂಮಾನ್ ವಾದ್ಯ ಒರೆಸಿದ ಬಟ್ಟೆಯಲ್ಲಿ ರಕ್ತ ಕಂಡಿತು. ಕೇಳಿದರೆ, "ಏನಿಲ್ಲ ಚಾಚಾ, ದೇವರಾಜಣ್ಣ ಮದ್ದು ಕೊಟ್ಟವ್ನೆ" ಎಂದ. ದೇವರಾಜನ ಮೇಲೆ ರೇಗಿದೆ. "ನಿಮ್ದು ವಯಸ್ಸಿಗೆ ಉದುರ್ತು ಬುಡಣ್ಣ" ಎಂದು ಅವನು ನನ್ನನ್ನೇ ಸಮಾಧಾನಪಡಿಸಿದ. ನೂಮಾನನನ್ನು ಎಳೆದುಕೊಂಡು ಅದೇ ಕುರ್ಚಿಯ ಬಳಿಗೆ ಹೋದೆ. ಈಗ ಅದರ ಮೇಲೆ ಔಷಧಿಯ ಖಾಲಿ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ.

ಮಾನ್ಯರೇ, ಆ ಕುರ್ಚಿಗೊಂದು ಪೈಪು ಎಳೆಸಿ. ಇಷ್ಟೇ ನನ್ನ ಒತ್ತಾಯ. ಎಳೆಸುತ್ತೀರೆಂಬ ನಂಬಿಕೆ ನನಗಿಲ್ಲ. ಹೆಚ್ಚೆಂದರೆ ಆ ಪೈಪಿಗೂ ಒಂದು ಉದ್ಘಾಟನೆ ಇಟ್ಟುಕೊಂಡು, ನಮ್ಮ ಬ್ಯಾಂಡನ್ನೇ ಕರೆಸುತ್ತೀರಿ. ಕರೆಸುವುದಾದರೆ ಬೇಗ ಕರೆಸಿ. ಊದಲು ನೂಮಾನನ ಬಾಯಲ್ಲಿ ಇನ್ನೂ ಹಲ್ಲುಗಳಿವೆ.

ಇಂತಿ,
ಅಂದು ತಮ್ಮ ಮುಂದೆ ಊದುತ್ತಾ ನಡೆದು, ಇಂದು ಹಿಂದಿನ ಸಾಲಿನಲ್ಲಿ ತಾಳ ತಟ್ಟುತ್ತಿರುವ
ಲತೀಫ್, ಹುಣಸೂರು