ಬೇಸ್‌ನ ಸರದಿ

ಡೆಟ್ರಾಯಿಟ್,
ಜೂನ್ 12, 1988

ಪ್ರೀತಿಯ ಕ್ಲಿಯಾನ್,

ನಿನ್ನ ಕಾಗದ ಬಂದು ಒಂದು ಚಳಿಗಾಲವೇ ಕಳೆಯಿತು. ಕೋಪೆನ್‌ಹೇಗನ್ನಿನಲ್ಲಿ ಕೂತು ಸ್ಯಾಕ್ಸೊಫೋನ್ ಊದುತ್ತ ನನ್ನನ್ನು ಬೈದುಕೊಂಡಿರುತ್ತೀಯ. ಸೋಮಾರಿತನವಲ್ಲ ಮಾರಾಯ, ಏನು ಬರೆಯಬೇಕೆಂದು ತೋಚಲಿಲ್ಲ. ನನ್ನ ಎಡಗೈ ಬೆರಳುಗಳು ಮರಗಟ್ಟುತ್ತಿವೆ. ಬೇಸ್ ವಾದ್ಯದ ದಪ್ಪ ತಂತಿ ಒತ್ತಿದರೆ ಒತ್ತಿದ್ದೇ ತಿಳಿಯದು. ಇದು ಸರಿಹೋಗುವಂಥದ್ದಲ್ಲ ಎಂದರು ಡಾಕ್ಟರು. ನಿನಗಲ್ಲದೆ ಯಾರಿಗೂ ಹೇಳಿಲ್ಲ, ಹೆಂಡತಿ ಅರ್ಡೆಲ್ಲಾಗೂ.

ಈ ತಿಂಗಳು ಶಾಲೆಯ ಸಂಗೀತದ ಮೇಷ್ಟ್ರುಗಿರಿಯೂ ಮುಗಿಯಿತು. ನನ್ನಿಂದ ಕಲಿತವರೆಲ್ಲ ಸೇರಿ, ನಾವಿಬ್ಬರೂ ಮೊದಲು ನುಡಿಸಿದ ಕ್ಲಬ್ಬಿನಲ್ಲೇ ಒಂದು ಸಂಜೆ ಏರ್ಪಡಿಸಿದ್ದರು. ಅದಕ್ಕೆಂದು ಹೊಸ ಕೃತಿಯೊಂದನ್ನು ಕಟ್ಟಿದೆ. ನಡುವೆ ಬೇಸ್ ಒಂದೇ ನುಡಿಯುವ ಉದ್ದನೆಯ ಭಾಗ. ಹುಚ್ಚು ಎನ್ನು. ನನಗೆ ಕನಿಕರದ ಚಪ್ಪಾಳೆ ಬೇಕಿರಲಿಲ್ಲ. ನಾನಿನ್ನೂ ನುಡಿಸಬಲ್ಲೆನೋ ಇಲ್ಲವೋ, ಅಷ್ಟು ತಿಳಿಯಬೇಕಿತ್ತು.

ಬೇಸ್‌ನ ಸರದಿ ಬಂತೆಂದರೆ ಏನಾಗುತ್ತದೆ ಎಂದು ನಿನಗೆ ಗೊತ್ತಲ್ಲ. ಜನ ಹರಟೆಗಿಳಿಯುತ್ತಾರೆ, ಇನ್ನೊಂದು ಪ್ಲೇಟು ಹುರಿದ ಮೀನು ತರಿಸುತ್ತಾರೆ. ನೀನಂತೂ ಸಿಗರೇಟು ಹಚ್ಚಲು ಹೊರಗೇ ಹೋಗುತ್ತಿದ್ದೆ. ಡ್ರಮ್ಮಿನ ರೂಫಸ್ ಅವತ್ತೂ ಗೇಲಿ ಬಿಡಲಿಲ್ಲ. “ಶುರುಮಾಡು ಗುರುವೇ, ಜನ ಮನೆ ಕಡೆ ಸುದ್ದಿ ಮಾತಾಡ್ಕೊಳ್ಲಿ. ಪಾಪ, ಎಷ್ಟೊತ್ತಿಂದ ಬಾಯಿ ಮುಚ್ಕೊಂಡವ್ರೆ,” ಎಂದ.

ಆದರೆ ಕ್ಲಿಯಾನ್, ಯಾರೂ ಮಾತಾಡಲಿಲ್ಲ. ಒಂದು ಲೋಟವೂ ಸದ್ದು ಮಾಡಲಿಲ್ಲ. ಅಲ್ಲಲ್ಲಿ ಸ್ವರ ಜಾರಿದರೂ ಕಿವಿಗೊಟ್ಟು ಕೂತಿದ್ದರು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು. ಚಳಿಗಾಲಕ್ಕೂ ಕಾರ್ಯಕ್ರಮ ಒಪ್ಪಿಕೊಳ್ಳುತ್ತೇನೆ ಎಂದು ವಾಪಸು ಬರುವ ದಾರಿಯಲ್ಲೇ ಅರ್ಡೆಲ್ಲಾಗೆ ಹೇಳಿದೆ. ಅವಳು ಕಾರು ಓಡಿಸುತ್ತ, ಮೊದಲು ಮನೆಗೆ ಹೋಗಿ ಮಲಗು ಎಂದಳು.

ನಿನ್ನ ಮೊಮ್ಮಗಳು ಪಿಯಾನೋ ಕಲಿಯುತ್ತಿದ್ದಾಳೆಂದು ಓದಿ ಸಂತೋಷವಾಯಿತು. ದೇವರು ಅವಳ ಬೆರಳುಗಳನ್ನು ಕಾಪಾಡಲಿ. ನೀನೂ ಎದೆ ಬೆಚ್ಚಗಿಟ್ಟುಕೊಂಡು ಓಡಾಡು.

ನಿನ್ನ
ಲೂಷಿಯಸ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ರೂಫಸ್ ಬಂದ. ಅರ್ಡೆಲ್ಲಾಳನ್ನು ಹೊಗಳುವ ಭರದಲ್ಲಿ ಬಾಯಿಬಿಟ್ಟ. ಅವತ್ತು ನಾನು ಒಳಗೆ ಶ್ರುತಿ ಮಾಡಿಕೊಳ್ಳುತ್ತಿದ್ದಾಗ ಅವಳು ಒಂದೊಂದು ಮೇಜಿಗೂ ಹೋಗಿದ್ದಳಂತೆ. “ನಮ್ಮನೆಯವರ ಕೈ ಸೋತೋಗ್ತಿದೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾರೆ. ಅವರೊಬ್ಬರೇ ನುಡಿಸೋವಾಗ ದಯವಿಟ್ಟು ಯಾರೂ ಮಾತಾಡ್ಬೇಡಿ,” ಎಂದು ಕೇಳಿಕೊಂಡಳಂತೆ. ಅವಳಿಗೆ ನಾನೇನೂ ಹೇಳಿಲ್ಲ, ಹೇಳುವುದೂ ಇಲ್ಲ. ಪ್ರೀತಿಯಿಂದಲೇ ಮಾಡಿದ್ದಾಳೆ. ಆದರೆ ಜನ ಎಂದಿನಂತೆ ಹರಟಿದ್ದರೆ, ನಾನೂ ಎಂದಿನ ಬೇಸ್‌ನವನಾಗಿಯೇ ಮನೆಗೆ ಬರುತ್ತಿದ್ದೆ ಕಣೋ.