ಹಾಸಿಗೆಯಿಂದ ಮೂವತ್ತೊಂದು ಅಡಿ

ಆರೈಕೆ ಕೇಂದ್ರಗಳ ಸ್ವಯಂಸೇವಕರಿಗೆ ಗುರುತಿನ ಚೀಟಿ ಕೊಡುವ ಮತ್ತು ಕಿತ್ತುಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ. ಹನ್ನೊಂದು ಗುರುವಾರಗಳು. ನಾಲ್ಕು ಹೂಕುಂಡಗಳು. ಒಂದು ಹಿಂಬದಿಯ ದೀಪ. ಬಟ್ಟೆ ಒಣಗಿಸುವ ತಂತಿಯ ಒಂದು ಕಂಬ. ಅದೂ ಬಿದ್ದಿಲ್ಲ, ಸ್ವಲ್ಪ ವಾಲಿದೆ ಅಷ್ಟೆ. ಬಡಿದೂ ಬಡಿದೂ ಸೊಟ್ಟಗಾದ ಒಂದು ಸ್ಟೀಲ್ ಚಮಚ. ನಿಮ್ಮ ತಪಾಸಣಾಧಿಕಾರಿಗಳ ಎಡಗಾಲಿನ ಬೂಟಿಗೆ ಮೆತ್ತಿದ ಸೋಪಿನ ನೊರೆ. ಕೊನೆಯದಾಗಿ, ತಾವೇ ಸಹಿ ಹಾಕಿ ಕೊಟ್ಟು ತಾವೇ ಸಹಿ ಹಾಕಿ ರದ್ದು ಮಾಡಿದ ನನ್ನ ಗುರುತಿನ ಚೀಟಿ. ಈ ಪಟ್ಟಿಯಲ್ಲಿ ನನಗೆ ದುಬಾರಿ ಅನ್ನಿಸಿದ್ದು ಕೊನೆಯದೊಂದೇ. ಅದನ್ನು ವಾಪಸ್ ಕೇಳುವುದಕ್ಕೆ ಈ ಪತ್ರ.

ಪತ್ರಿಕೆಯಲ್ಲಿ ಯಾಕೆ ಬರೆಯುತ್ತೀರಿ, ಕಚೇರಿಗೆ ಅರ್ಜಿ ಕೊಡಬಾರದೇ ಎಂದು ತಾವು ಕೇಳಬಹುದು. ಕೊಡಲು ಹೋಗಿದ್ದೆ. ಅರ್ಜಿಯ ಮೊದಲ ಸಾಲಿನಲ್ಲಿ ಗುರುತಿನ ಚೀಟಿಯ ಸಂಖ್ಯೆ ಕಡ್ಡಾಯ ಎಂದು ನಿಮ್ಮ ಮೂರನೇ ಕಿಟಕಿಯವರು ಹೇಳಿದರು. ಸಂಖ್ಯೆ ಬರೆದೆ. "ಇದು ರದ್ದಾಗಿದೆಯಲ್ಲ" ಎಂದರು. "ಅದಕ್ಕೇ ಬಂದಿದ್ದು" ಎಂದೆ. "ಚಾಲ್ತಿಯಲ್ಲಿರೋ ಚೀಟಿ ತನ್ನಿ" ಎಂದರು. ಚೀಟಿ ಕಳೆದುಕೊಂಡವನು ಚೀಟಿ ಕಳೆದುಕೊಂಡದ್ದನ್ನು ಹೇಳಿಕೊಳ್ಳಲು ಚೀಟಿ ತರಬೇಕು. ಇಂಥ ವ್ಯವಸ್ಥೆಯನ್ನು ಕಟ್ಟಿದವರ ಬುದ್ಧಿಗೆ ಕೈ ಮುಗಿದು, ಪಕ್ಕದ ರಸ್ತೆಯಲ್ಲಿದ್ದ ಪತ್ರಿಕಾ ಕಚೇರಿಗೆ ನಡೆದೆ. ಅಲ್ಲಿ ಯಾರೂ ಸಂಖ್ಯೆ ಕೇಳಲಿಲ್ಲ.

ಈಗ ನಿಮ್ಮ ನೋಟಿಸಿಗೆ ಬರುತ್ತೇನೆ. "ಸದರಿ ಸ್ವಯಂಸೇವಕರು ರೋಗಿಯಲ್ಲದ ವ್ಯಕ್ತಿಗೆ, ರೋಗಿಯ ಹಾಸಿಗೆಯಿಂದ ದೂರದಲ್ಲಿ, ಆರೈಕೆಗೆ ಸಂಬಂಧಪಡದ ಸೇವೆ ಸಲ್ಲಿಸಿರುವುದು ಕಂಡುಬಂದಿರುತ್ತದೆ." ಒಂದೇ ವಾಕ್ಯದಲ್ಲಿ ಮೂರು ಆರೋಪ ಹಿಡಿಸಿದ ಗುಮಾಸ್ತರನ್ನು ಮೆಚ್ಚಲೇಬೇಕು; ನಮ್ಮ ಕಾಲದಲ್ಲಿ ಗೂಡ್ಸ್ ಗಾಡಿಗೂ ಇಷ್ಟು ಸಾಮಾನು ಹೇರುತ್ತಿರಲಿಲ್ಲ. ಆದರೆ "ದೂರ" ಎಂದು ಬರೆದವರು ಎಷ್ಟು ದೂರ ಎಂದು ಬರೆಯಲಿಲ್ಲ. ನಾನು ಟೇಪು ಹಿಡಿದು ಅಳೆದೆ. ರೋಗಿಯ ದಿಂಬಿನಿಂದ ಗಾಡಿಯ ಬಾನೆಟ್ಟಿಗೆ ಮೂವತ್ತೊಂದು ಅಡಿ. ನಡುವೆ ಒಂದು ಕಿಟಕಿ, ಅದು ಸದಾ ತೆರೆದಿತ್ತು.

ನನ್ನ ಪರಿಚಯ ಇನ್ನೂ ಹೇಳಲಿಲ್ಲ. ಗಾಡಿ ತೊಳೆಯುವವನಾಗಿ ಶುರುಮಾಡಿ, ಒಂದು ಹಳೇ ಕಾರಿನಿಂದ ಡ್ರೈವಿಂಗ್ ಶಾಲೆ ಕಟ್ಟಿ, ಮೂವತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ಜನಕ್ಕೆ ಗಾಡಿ ಕಲಿಸಿದವನು. ನಮ್ಮ ಶಾಲೆಯ ಕಾರುಗಳಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದೆ. ನಾನು ಇವತ್ತು ಜೀವಂತವಾಗಿ ಈ ಪತ್ರ ಬರೆಯುತ್ತಿರುವುದಕ್ಕೆ ಆ ಬ್ರೇಕೇ ಕಾರಣ. ಶಾಲೆಯನ್ನು ಮಗಳು ವಹಿಸಿಕೊಂಡ ಮೇಲೆ ಒಂದು ದಿನ ಅವಳೇ ಹೇಳಿದಳು: "ಅಪ್ಪಾ, ನೀವು ಆಫೀಸಲ್ಲಿ ಕೂತ್ರೆ ಕ್ಯಾಲೆಂಡರಿಗೂ ಕ್ಲಚ್ ಹೇಳಿಕೊಡ್ತೀರಿ. ಎಲ್ಲಾದರೂ ಉಪಯೋಗಕ್ಕೆ ಬನ್ನಿ." ಹಾಗೆ ಬಂದು ಸೇರಿದ್ದು ಈ ಆರೈಕೆ ಕೇಂದ್ರಕ್ಕೆ. ವಾಸಿಯಾಗದ ಕಾಯಿಲೆಯವರು ಉಳಿದ ದಿನಗಳನ್ನು ನೋವಿಲ್ಲದೆ ಕಳೆಯಲಿ ಎಂದು ಇರುವ ಜಾಗ. ನಿಮ್ಮ ಐದು ದಿನದ ತರಬೇತಿಯಲ್ಲಿ ನನಗೆ ಕಲಿಸಿದ್ದು ಒಂದೇ ಮಾತು: ಬುದ್ಧಿ ಹೇಳಬೇಡಿ, ಅವರಿಗೆ ಏನು ಬೇಕೋ ಕೇಳಿಸಿಕೊಳ್ಳಿ. ಬುದ್ಧಿ ಹೇಳಿಯೇ ಹೊಟ್ಟೆ ಹೊರೆದವನಿಗೆ ಇದು ಎಷ್ಟು ಕಷ್ಟ ಎಂದು ತಮಗೆ ಗೊತ್ತಿಲ್ಲ. ಆದರೂ ಕಲಿತೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ತಪ್ಪು ಅದೊಂದೇ, ನಿಮ್ಮ ತರಬೇತಿಯನ್ನು ನಂಬಿದ್ದು.

ನನಗೆ ಕೊಟ್ಟ ಹಾಸಿಗೆ ಕಿಟಕಿ ಪಕ್ಕದ್ದು. ಅದರಲ್ಲಿದ್ದವರು ಇಪ್ಪತ್ತೆರಡು ವರ್ಷ ಸಣ್ಣ ವ್ಯಾನಿನಲ್ಲಿ ಬೇಕರಿಯಿಂದ ಅಂಗಡಿ ಅಂಗಡಿಗೆ ಬ್ರೆಡ್ ಮುಟ್ಟಿಸಿದವರು. ವಾರ್ಡಿನವರೆಲ್ಲ ಬ್ರೆಡ್ಡಣ್ಣ ಎನ್ನುತ್ತಿದ್ದರು, ಹಾಗಾಗಿ ಅವರ ಹೆಂಡತಿ ತಾನಾಗಿಯೇ ಬ್ರೆಡ್ಡಕ್ಕ ಆದರು. ಮೊದಲ ಎರಡು ಗುರುವಾರ ಬ್ರೆಡ್ಡಣ್ಣ ಗೋಡೆ ನೋಡಿದರು, ಅಕ್ಕ ಒಂದೇ ಟವೆಲನ್ನು ಮಡಿಸಿ ಬಿಡಿಸಿ ಮಡಿಸಿದರು, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಕ್ಕ ಕೇಂದ್ರದ ಗೇಟು ದಾಟಿ ಹೊರಗೆ ಹೋಗಿ ನಲವತ್ತು ದಿನವಾಗಿತ್ತು. ಮೂರನೇ ಗುರುವಾರ ಅಣ್ಣನೇ ಕೇಳಿದರು, "ನಿಮ್ಮದು ಏನು ಕಸುಬು?"

"ಡ್ರೈವಿಂಗ್ ಹೇಳಿಕೊಡೋದು."

ಮೊಣಕೈ ಊರಿ ಎದ್ದು ಕೂತರು. ಅಷ್ಟು ದಿನದಲ್ಲಿ ಅದೇ ಮೊದಲು. "ಇವಳಿಗೆ ಹೇಳಿಕೊಡ್ತೀರಾ?"

"ಇವರಿಗೆ ಜ್ವರ ನೆತ್ತಿಗೇರಿದೆ" ಎಂದರು ಅಕ್ಕ. "ಇಪ್ಪತ್ತೆರಡು ವರ್ಷ ಪಕ್ಕದ ಸೀಟಲ್ಲಿ ಕೂತು ಬ್ರೆಡ್ ಎಣಿಸಿದೀನಿ ಮೇಷ್ಟ್ರೇ. ಒಂದು ದಿನ ಸ್ಟೀರಿಂಗ್ ಮುಟ್ಟೋಕೆ ಬಿಟ್ಟಿಲ್ಲ. ಆ ಸೀಟಲ್ಲಿ ಕೂತೋರು ಬಾಯಿ ತೆರೀಬಾರದು ಅಂತ ಬೇರೆ."

"ಆವಾಗ ನಾನಿದ್ದೆ ಕಣೇ. ಈಗ ದೊಡ್ಡ ರಜೆ ಮೇಲೆ ಹೊರಟಿದೀನಿ."

ವಿಷಯ ಇಷ್ಟು. ಬಾಡಿಗೆಗೆ ಇಟ್ಟುಕೊಂಡ ಡ್ರೈವರು ವಾರಕ್ಕೆರಡು ದಿನ ನಾಪತ್ತೆ. ಬೇಕರಿಯವರು ಮೂರು ತಿಂಗಳ ಗಡುವು ಕೊಟ್ಟಿದ್ದರು. ಆಮೇಲೆ ಆ ಸಾಲಿನ ಅಂಗಡಿಗಳು ಬೇರೆಯವರ ಪಾಲು. ಯಾವ ಅಂಗಡಿಗೆ ಎಷ್ಟು, ಯಾರು ನಿನ್ನೆಯದನ್ನು ವಾಪಸ್ ಮಾಡುತ್ತಾರೆ, ಯಾರ ನಾಯಿ ಕಚ್ಚುತ್ತದೆ, ಎಲ್ಲ ಅಕ್ಕನ ನಾಲಿಗೆಯ ತುದಿಯಲ್ಲಿತ್ತು. ಬಾರದಿದ್ದುದು ಗಾಡಿ ಓಡಿಸುವುದೊಂದೇ. ಬ್ರೆಡ್ಡಣ್ಣನ ನೋವಿಗೆ ಡಾಕ್ಟರು ಮದ್ದು ಕೊಟ್ಟಿದ್ದರು. ಈ ಚಿಂತೆಗೆ ಯಾವ ಸೀಸೆಯಲ್ಲಿ ಮದ್ದಿತ್ತು, ಸ್ವಾಮಿ?

ಹಾಗಿದ್ದರೆ ನಿಮ್ಮ ಶಾಲೆಗೇ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ನಿಮ್ಮ ತಪಾಸಣಾಧಿಕಾರಿಗಳು ಕೇಳಿದರು. ಅಕ್ಕ ಗಂಡನ ಕಣ್ಣಳತೆ ಬಿಟ್ಟು ಹೋಗಲಾರರು. ಅಣ್ಣನಿಗೋ, ತನ್ನ ಹೆಂಡತಿಗೆ ತಾನೂ ಸೇರಿ ಕಲಿಸಬೇಕು, ಅದೂ ತನ್ನದೇ ವ್ಯಾನಿನಲ್ಲಿ. "ಆ ಎರಡನೇ ಗೇರು ಹೊಸಬರ ಮಾತು ಕೇಳಲ್ಲ" ಎಂದರು. ಆ ವ್ಯಾನಿನಲ್ಲಿ ನನ್ನ ಬದಿಗೆ ಬ್ರೇಕಿಲ್ಲ ಎಂಬುದನ್ನು ನಾನು ವಿನಯದಿಂದ ತಿಳಿಸಿದೆ. "ಹ್ಯಾಂಡ್ ಬ್ರೇಕ್ ಇದೆಯಲ್ಲ, ಹಿಡ್ಕೊಂಡು ಕೂತ್ಕೊಳ್ಳಿ" ಎಂದರು. ಅಕ್ಕನಿಗೆ ಕಲಿಕೆಯ ಪರವಾನಗಿ ಮಾಡಿಸಿದೆವು. ದೊಡ್ಡ ಸಿಸ್ಟರ್, ಅಂದರೆ ವಾರ್ಡಿನ ಹಿರಿಯ ದಾದಿ, ಹಿತ್ತಲಿನ ಅಂಗಳ ಬಿಟ್ಟುಕೊಟ್ಟರು. ಒಂದೇ ಷರತ್ತು: "ನನ್ನ ಹೂಕುಂಡದ ತಂಟೆಗೆ ಬರಬೇಡಿ."

ಮೊದಲ ಹೂಕುಂಡ ಆರನೇ ನಿಮಿಷಕ್ಕೆ ಹೋಯಿತು.

ಬ್ರೆಡ್ಡಣ್ಣನಿಗೆ ಕೂಗಿ ಹೇಳುವಷ್ಟು ದನಿ ಉಳಿದಿರಲಿಲ್ಲ. ಹಾಸಿಗೆಯನ್ನು ಕಿಟಕಿಗೆ ಒತ್ತಿಸಿ, ಚಮಚದಿಂದ ಕಿಟಕಿಯ ಸರಳಿಗೆ ಬಡಿಯುತ್ತಿದ್ದರು. ಒಂದು ಬಡಿತ, ನಿಲ್ಲಿಸು. ಎರಡು, ಗೇರು ಬದಲಿಸು. ಮೂರು, ಭೇಷ್. ಪಾಠದ ಮೊದಲ ನಾಲ್ಕು ಗುರುವಾರ ಮೂರು ಬಡಿತ ಕೇಳಿದ ನೆನಪು ನನಗಿಲ್ಲ. ಪಕ್ಕದ ಹಾಸಿಗೆಯ ಟೈಲರಜ್ಜ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಅಂಕ ಬರೆಯತೊಡಗಿದರು: ಒಂದು ಕಡೆ ಕುಂಡ, ಇನ್ನೊಂದು ಕಡೆ ಅಕ್ಕ. ಗುರುವಾರ ಬಂತೆಂದರೆ ವಾರ್ಡಿನಲ್ಲಿ ಊಟ ಬೇಗ ಮುಗಿಯುತ್ತಿತ್ತು, ಯಾಕೆಂದರೆ ಎಲ್ಲರಿಗೂ ಕಿಟಕಿಯ ಕಡೆ ದಿಂಬು ಬೇಕು. ತಿನ್ನದೆ ಹಟ ಮಾಡುತ್ತಿದ್ದವರು ಬಟ್ಟಲು ಖಾಲಿ ಮಾಡಿದ್ದನ್ನು ದೊಡ್ಡ ಸಿಸ್ಟರ್ ಪುಸ್ತಕದಲ್ಲೇ ಬರೆದಿದ್ದಾರೆ. ತಾವು ತರಿಸಿ ನೋಡಬಹುದು. ಅದಕ್ಕೆ ಚೀಟಿ ಬೇಕಿಲ್ಲ.

ಒಮ್ಮೆ ಅಕ್ಕ ಇಂಜಿನ್ ಆರಿಸಿ, ನೇರ ಕಿಟಕಿಗೇ ಬಂದು ಜಗಳ ತೆಗೆದರು. "ರೀ, ಒಂದು ಸಲ ಬಡೀತೀರಿ, ಮತ್ತೆ ಎರಡು ಬಡೀತೀರಿ. ನಿಲ್ಲಿಸಲೋ, ಗೇರು ಹಾಕಲೋ?"

"ಒಂದು ನಿನಗೆ. ಎರಡು ಆ ಮೇಷ್ಟ್ರಿಗೆ. ಕಣ್ಣು ಮುಚ್ಚಿಕೊಂಡಿದ್ರು."

ಮುಚ್ಚಿಕೊಂಡಿದ್ದು ನಿಜ. ಅದು ಭಯಕ್ಕೆ. "ಬೇರೆಯವರು ಓಡಿಸೋ ಗಾಡೀಲಿ ನಾನು ಒಂದು ದಿನ ಕಣ್ಣು ಮುಚ್ಚಿದವನಲ್ಲ" ಎಂದು ಬ್ರೆಡ್ಡಣ್ಣ ನನ್ನನ್ನು ಹಂಗಿಸಿದರು. "ತಂಗಿ ಮದುವೆಗೆ ಹೋಗುವಾಗ ಹತ್ತು ಗಂಟೆ ಹೊತ್ತು ಬಸ್ಸಲ್ಲಿ ಕೂತಿದ್ದೆ. ಆ ಡ್ರೈವರನ ಪ್ರತಿ ಬ್ರೇಕನ್ನೂ ನಾನೂ ಒತ್ತಿದೀನಿ." ಡ್ರೈವರ್ ಜಾತಿಯೇ ಹಾಗೆ. ಪಕ್ಕದ ಸೀಟಿನಲ್ಲಿ ನಿದ್ದೆ ಹೋಗುವುದೆಂದರೆ ಓಡಿಸುವವರಿಗೆ ಕೊಡುವ ದೊಡ್ಡ ಸರ್ಟಿಫಿಕೇಟು. ನಾನೂ ಮೂವತ್ತೆರಡು ವರ್ಷದಲ್ಲಿ ಯಾರಿಗೂ ಕೊಟ್ಟಿಲ್ಲ.

ಒಂಬತ್ತನೇ ಗುರುವಾರ ತಮ್ಮ ತಪಾಸಣಾಧಿಕಾರಿಗಳು ಫೈಲು ಹಿಡಿದು ಹಿತ್ತಲಿಗೆ ದಯಮಾಡಿಸಿದರು. ಅಷ್ಟು ಹೊತ್ತಿಗೆ ವ್ಯಾನು ಹಿಮ್ಮುಖವಾಗಿ ಬರುತ್ತಿತ್ತು. ಅವರು ಸಮಯಪ್ರಜ್ಞೆ ತೋರಿ ಬಟ್ಟೆ ಒಗೆಯುವ ಕಲ್ಲು ಹತ್ತಿದರು. ಗಾಡಿ ಅವರಿಂದ ಐದಡಿ ದೂರದಲ್ಲಿ, ಗೆರೆ ಎಳೆದ ಹಾಗೆ, ನೇರವಾಗಿ ನಿಂತಿತು. ಕಿಟಕಿಯಿಂದ ಮೂರು ಬಡಿತ ಕೇಳಿತು.

"ಇದು ಯಾವ ಚಿಕಿತ್ಸೆ?" ಎಂದರು ಅವರು ಕಲ್ಲಿನ ಮೇಲಿಂದ.

"ಮೊದಲು ಇಳೀರಿ ಸ್ವಾಮಿ, ಆ ಕಲ್ಲು ಜಾರುತ್ತೆ" ಎಂದರು ಕಿಟಕಿಯಿಂದ ಟೈಲರಜ್ಜ. ಅವರು ಹೇಳಿದ ಮೇಲೆ ಜಾರಿತು. ಬೂಟಿನ ವಿಷಯ ಮೇಲೆ ಬರೆದಿದ್ದೇನೆ.

ನೋಟಿಸು ಅವತ್ತೇ ಬರೆದದ್ದು, ತಾರೀಖು ನೋಡಿದೆ. ನನ್ನ ಕೈ ಸೇರಲು ಹದಿನೈದು ದಿನ ಹಿಡಿಯಿತು. ಜನ ನಿಮ್ಮ ಇಲಾಖೆಯ ನಿಧಾನವನ್ನು ಬೈಯುತ್ತಾರೆ. ನಾನು ಮಾತ್ರ ಸಾಯುವತನಕ ಬೈಯಲಾರೆ. ಆ ಹದಿನೈದು ದಿನದಲ್ಲಿ ಇನ್ನೆರಡು ಗುರುವಾರ ಸಿಕ್ಕವು. ನಡುವಿನ ಮಂಗಳವಾರ ಅಕ್ಕ ಪರೀಕ್ಷೆಗೆ ಹೋದರು, ಒಂದೇ ಏಟಿಗೆ ಪಾಸಾದರು. ಬೇಕರಿಯ ಗಡುವಿಗೆ ಆರು ದಿನ ಬಾಕಿಯಿತ್ತು. ಟೈಲರಜ್ಜ ಗೋಡೆಯಲ್ಲಿ ಕುಂಡದ ಅಂಕವನ್ನು ಅಳಿಸಿಹಾಕಿದರು.

ಹನ್ನೊಂದನೇ ಗುರುವಾರ ಡಾಕ್ಟರು ಒಂದು ಗಂಟೆಯ ಅಪ್ಪಣೆ ಕೊಟ್ಟರು. ಬ್ರೆಡ್ಡಣ್ಣನನ್ನು ಮೂರು ದಿಂಬಿನ ನಡುವೆ ಪಕ್ಕದ ಸೀಟಿನಲ್ಲಿ ಕೂರಿಸಿದೆವು, ಅಕ್ಕನ ಹಳೇ ಸೀಟು. ನಾನೂ ದೊಡ್ಡ ಸಿಸ್ಟರೂ ಹಿಂದೆ, ಖಾಲಿ ಬ್ರೆಡ್ ಟ್ರೇಗಳ ನಡುವೆ. ನನಗೆ ಬ್ರೇಕಿಲ್ಲ, ಕಿಟಕಿಯೂ ಇಲ್ಲ. ಮುಂದಿನವರ ಮಾತು ಬರುವ ಅಂಗೈಯಗಲದ ಒಂದು ಕಿಂಡಿ ಮಾತ್ರ.

"ಕ್ಲಚ್ ಮೇಲೆ ಕಾಲಿಟ್ಕೊಂಡು ಮಲಗಿದೀಯಾ?" ಎಂದು ಅಣ್ಣನ ದನಿ.

"ರೀ, ಆ ಸೀಟಲ್ಲಿ ಕೂತೋರು ಬಾಯಿ ತೆರೀಬಾರದು. ರೂಲು ನಿಮ್ಮದೇ. ಬ್ರೆಡ್ ಎಣಿಸ್ಕೊಂಡು ಕೂತಿರಿ."

"ಬ್ರೆಡ್ಡೇ ಇಲ್ಲವಲ್ಲೇ."

"ಅಂಗಡಿ ಎಣಿಸಿ."

ಎಣಿಸಿದರು. ಒಂದು, ಎರಡು, ಸೇತುವೆ ದಾಟಿ ಮೂರು, ನಾಯಿ ಇರೋದು ನಾಲ್ಕು. ಏಳರ ಹತ್ತಿರ ದನಿ ಸಣ್ಣಗಾಯಿತು. ಎಂಟು ಬರಲೇ ಇಲ್ಲ. ನನ್ನ ಬಲಗಾಲು ತಾನಾಗಿಯೇ ಟ್ರೇಯನ್ನು ಒತ್ತಿತು. ದೊಡ್ಡ ಸಿಸ್ಟರ್ ಕಿಂಡಿಯಲ್ಲಿ ಕೈ ತೂರಿಸಿ ಅಣ್ಣನ ಕತ್ತಿನ ಮೇಲೆ ಬೆರಳಿಟ್ಟರು. ಗಾಡಿ ಒಂದಿಷ್ಟೂ ಕುಲುಕಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಗೊರಕೆ" ಎಂದರು ಸಿಸ್ಟರ್.

ಮುಂದಿನಿಂದ ಅಕ್ಕನ ಪಿಸುಮಾತು ಬಂತು. "ಮೇಷ್ಟ್ರೇ, ನಿದ್ದೆ ಮಾಡ್ತಿದಾರೆ. ನಾನು ಓಡಿಸ್ತಿದೀನಿ, ಇವರು ನಿದ್ದೆ ಮಾಡ್ತಿದಾರೆ." ಆಮೇಲೆ ಅವರು ನೇರ ವಾಪಸ್ ಬರಲಿಲ್ಲ. ಅಣ್ಣನಿಗೆ ಎಚ್ಚರವಾಗದಿರಲಿ ಎಂದು ಊರನ್ನು ಇನ್ನೊಂದು ಸುತ್ತು ಹಾಕಿದರು. ಅವತ್ತು ಎರಡನೇ ಗೇರು ಒಮ್ಮೆಯೂ ಕಿರುಗುಟ್ಟಲಿಲ್ಲ.

ಮರುದಿನ ಬೆಳಗ್ಗೆ ನಿಮ್ಮ ನೋಟಿಸು ಬಂತು. ಅದಾದ ಎಂಟು ದಿನಕ್ಕೆ, ಶನಿವಾರ, ಅಕ್ಕ ಬ್ರೆಡ್ ಹಂಚಿ ಬಂದು ಎಷ್ಟು ಟ್ರೇ ಹೋಯಿತು ಎಂದು ಹೇಳಿದ್ದನ್ನು ಕೇಳಿಸಿಕೊಂಡು, ಬ್ರೆಡ್ಡಣ್ಣ ತಮ್ಮ ರಜೆಗೆ ಹೊರಟರು. ಚೀಟಿ ಇಲ್ಲದ ನಾನು ಗೇಟಿನ ಹೊರಗೆ ನಿಂತಿದ್ದೆ. ಅದನ್ನು ದೂರು ಎಂದು ಬರೆಯುತ್ತಿಲ್ಲ, ದಾಖಲೆಗಿರಲಿ ಎಂದು ಬರೆದೆ.

ಈಗ ಹೇಳಿ. ರೋಗಿಯಲ್ಲದ ವ್ಯಕ್ತಿಗೆ ಸೇವೆ ಎಂದಿರಿ. ಕಾಯಿಲೆ ಒಬ್ಬರ ಮೈಗೆ ಬರುತ್ತದೆ, ಮನೆಯವರೆಲ್ಲರ ಮೈ ಇಳಿಯುತ್ತದೆ. ಇದು ನಿಮ್ಮ ತರಬೇತಿಯ ಪುಸ್ತಕದ ಎರಡನೇ ಪುಟದಲ್ಲೇ ಇದೆ, ಸ್ವಲ್ಪ ನಾಜೂಕಾದ ಭಾಷೆಯಲ್ಲಿ. ಆದರೆ ನಿಮ್ಮ ನಮೂನೆಯಲ್ಲಿ "ಸೇವೆ ಪಡೆದವರು" ಎಂಬುದರ ಮುಂದೆ ಇರುವುದು ಒಂದೇ ಚೌಕ: ರೋಗಿ. ಪುಸ್ತಕ ಬರೆದವರೂ ನಮೂನೆ ಅಚ್ಚು ಹಾಕಿಸಿದವರೂ ಒಂದೇ ಕಟ್ಟಡದಲ್ಲಿ ಕೂತಿದ್ದಾರೆ. ಒಂದು ಸಲ ಒಟ್ಟಿಗೆ ಕಾಫಿ ಕುಡಿಯಬಾರದೇ?

ನನ್ನ ಬೇಡಿಕೆ ಎರಡೇ. ಆ ನಮೂನೆಯಲ್ಲಿ ಇನ್ನೊಂದು ಚೌಕ ಹಾಕಿಸಿ: ಮನೆಯವರು. ಮತ್ತು ಬರುವ ಗುರುವಾರದೊಳಗೆ ನನ್ನ ಚೀಟಿ ಕೊಡಿ. ಗುರುವಾರ ಯಾಕೆ ಎಂದರೆ, ಟೈಲರಜ್ಜನ ಸೊಸೆಯನ್ನು ಏನು ಬೇಕಮ್ಮ ಎಂದು ಕೇಳಿದ್ದೆ. "ಎರಡು ಗಂಟೆ ಹೊತ್ತು ಸಿಟಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಸುಮ್ಮನೆ ಸುತ್ತಿ ಬರಬೇಕು ಮೇಷ್ಟ್ರೇ, ಯಾರೂ ಏನೂ ಕೇಳಬಾರದು" ಎಂದಳು. ಅಷ್ಟು ಹೊತ್ತು ಅಜ್ಜನ ಹತ್ತಿರ ಒಬ್ಬರು ಕೂರಬೇಕು. ಅಜ್ಜನಿಗೆ ನಿಮ್ಮ ಇಲಾಖೆಯ ನಿಧಾನಕ್ಕೆ ಕಾಯುವಷ್ಟು ಪುರುಸೊತ್ತಿಲ್ಲ. ಈ ಸಲ ಹಾಸಿಗೆಯಿಂದ ಒಂದಡಿ ಆಚೆ ಹೋಗುವುದಿಲ್ಲ, ಬೇಕಿದ್ದರೆ ಟೇಪು ಕಳಿಸಿ.

ಯಾರಿಗೆ ಏನು ಸಿಕ್ಕಿತು ಎಂದು ಹೇಳಿ ಮುಗಿಸುತ್ತೇನೆ. ಅಕ್ಕನಿಗೆ ಸ್ಟೀರಿಂಗು, ಮತ್ತು ಅದೇ ಅಂಗಡಿಗಳು. ಬೇಕರಿಗೆ ಹೊತ್ತಿಗೆ ಸರಿಯಾಗಿ ಬರುವ ಗಾಡಿ. ದೊಡ್ಡ ಸಿಸ್ಟರಿಗೆ ನಾಲ್ಕು ಹೊಸ ಹೂಕುಂಡ, ಅಕ್ಕನೇ ವ್ಯಾನಿನಲ್ಲಿ ತಂದು ಇಳಿಸಿದ್ದು. ಟೈಲರಜ್ಜನಿಗೆ ಸೊಟ್ಟ ಚಮಚ, ಕೇಳಿ ಇಸಿದುಕೊಂಡರು. ನಿಮ್ಮ ಇಲಾಖೆಗೆ ನನ್ನ ಚೀಟಿ. ಬ್ರೆಡ್ಡಣ್ಣನಿಗೆ ಮೂವತ್ತೈದು ನಿಮಿಷದ ನಿದ್ದೆ.

ಇಂತಿ,
ನಿಮ್ಮ ದಾಖಲೆಯಲ್ಲಿ ರದ್ದಾದ, ಗೇಟಿನ ಹೊರಗಿನ ಬೆಂಚಿನಲ್ಲಿ ಇನ್ನೂ ಚಾಲ್ತಿಯಲ್ಲಿರುವ
ಡ್ರೈವಿಂಗ್ ಮೇಷ್ಟ್ರು