ಹುಮನಾಬಾದಿನ ದೂರಪ್ರತಿ

ಮುಂಡರಗಿ
ನವೆಂಬರ್ ೩೧, ೨೧೮೬

ನೀಲಾಂಬಿಕಾ ಅವರಿಗೆ,

ನಿಮ್ಮ ನವೆಂಬರಿನಲ್ಲಿ ಈ ತಾರೀಖು ಇರಲಿಲ್ಲ; ನಮ್ಮ ಪಂಚಾಂಗ ಬದಲಾಗಿದೆ. ಕೆಲವು ಪದಗಳೂ ಹೊಸವೆನಿಸಬಹುದು, ಮನ್ನಿಸಿ. ನೂರ ಅರವತ್ತು ವರ್ಷಗಳ ಹಿಂದೆ ನೀವು ನಮ್ಮೂರ ಬಾವಿಗಳ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಆ ಅಂಕಿಗಳನ್ನು ಕೇಳಿದವರಿಗೆಲ್ಲ ಕೊಟ್ಟಿರಿ.

ಸಂಶೋಧನೆಯ ಮಾಹಿತಿಯನ್ನು ನಾವೀಗ ಒಂದೇ ಕಟ್ಟಡದಲ್ಲಿ ಇಡುವುದಿಲ್ಲ. ಗಾಜಿನ ಬಿಲ್ಲೆಗಳಲ್ಲಿ ಬರೆದು ಮೂರು ಊರುಗಳ ಮೂರು ಮನೆಗಳಿಗೆ ಕೊಡುತ್ತೇವೆ. ಇವು ದೂರಪ್ರತಿಗಳು. ಓದಲು ಬಿಸಿಲು ಸಾಕು, ವಿದ್ಯುತ್ತು ಬೇಡ. ಅಡುಗೆಮನೆಯಲ್ಲಿ ಬೇಳೆ ಡಬ್ಬಿಗಳ ಪಕ್ಕದಲ್ಲೇ ಇರುತ್ತವೆ. ಏನನ್ನಾದರೂ ತೀರ್ಮಾನಿಸುವ ಮುನ್ನ ಬಿಲ್ಲೆ ಇಟ್ಟುಕೊಂಡ ನಾವು ಮೂವರೂ ಫೋನಿನಲ್ಲಿ ಗಟ್ಟಿಯಾಗಿ ಓದುತ್ತೇವೆ. ಎರಡು ಹೊಂದಿದರೆ ಅದೇ ಅಂತಿಮ.

ಹೋದ ವಾರ ನನ್ನ ಮಗಳ ಶಾಲೆಯ ಹಳೆಯ ಬಾವಿಯನ್ನು ಮಕ್ಕಳಿಗೆ ತೆರೆಯಬಹುದೇ ಎಂದು ನೋಡಬೇಕಿತ್ತು. ಮಳೆ ಮುಗಿದ ಈ ಹೊತ್ತಿನಲ್ಲಿ ನೀರು ಚೆನ್ನಾಗಿದೆ. ಬೇಸಿಗೆಯಲ್ಲಿ ಫ್ಲೋರೈಡ್ ಎಷ್ಟು ಏರುತ್ತದೆಂಬುದು ನಿಮ್ಮ ಅಂಕಿಗಳಲ್ಲಿ ಮಾತ್ರ ಇತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಮಕ್ಕಳ ಹಲ್ಲು, ಮೂಳೆ ಕೆಡಿಸುತ್ತದೆ. ನನ್ನ ಬಿಲ್ಲೆಯಲ್ಲಿ ಮೇ ತಿಂಗಳಿಗೆ ಒಂದು ಪಾಯಿಂಟ್ ಎರಡು ಇತ್ತು. ಡಂಬಳದ ಗೆಳತಿ ಗಂಗವ್ವನದರಲ್ಲೂ ಅಷ್ಟೇ. ಹುಮನಾಬಾದಿನ ಖೈರುನ್ನಿಸಾ ಮಾತ್ರ ನಾಲ್ಕು ಪಾಯಿಂಟ್ ಎರಡು ಎಂದರು. ಬಿಲ್ಲೆಗೂ ವಯಸ್ಸಾಯಿತು, ನಿಮಗೂ ಆಯಿತು ಎಂದು ಗಂಗವ್ವ ಅವರನ್ನು ಚೇಷ್ಟೆ ಮಾಡಿದಳು.

“ವಯಸ್ಸಾಗ್ಯಾದವಾ, ಕಣ್ಣು ಹೋಗಿಲ್ಲ. ನೀವಿಬ್ಬರೂ ನಿಮ್ಮ ಪ್ರತಿ ಎಲ್ಲಿಂದ ತಂದೀರಿ, ಅದು ಮೊದಲು ಹೇಳ್ರಿ.”

ಆರು ವರ್ಷಗಳ ಹಿಂದೆ ನನ್ನ ಬಿಲ್ಲೆ ಒಡೆದಾಗ ಉಳಿದ ಎರಡಕ್ಕೂ ಹೋಲಿಸಿ ಹೊಸದು ಮಾಡಿಸಬೇಕಿತ್ತು. ಹುಮನಾಬಾದು ದೂರವೆಂದು ಡಂಬಳಕ್ಕೆ ಹೋಗಿ, ಹೋಳಿಗೆ ಉಂಡು, ಗಂಗವ್ವನದನ್ನೇ ನಕಲು ಮಾಡಿಕೊಂಡು ಬಂದಿದ್ದೆ. ಇಬ್ಬರು ಸಾಕ್ಷಿಗಳೆಂದು ಕೂತಿದ್ದವರು ನಿಜವಾಗಿ ಒಬ್ಬರೇ. ಅದನ್ನು ಹೇಳಿದೆ. ಗಂಗವ್ವ ತನ್ನ ಬಿಲ್ಲೆಯನ್ನು ಮತ್ತೆ ಬಿಸಿಲಿಗೆ ಹಿಡಿದಳು. ಉಳಿದ ತಿಂಗಳುಗಳಿಗೆ ಹೊಂದದ ಆ ನಾಲ್ಕನ್ನು ಕೈತಪ್ಪೆಂದು ತಿಳಿದು ಅವಳ ಅಜ್ಜಿ ನಕಲು ಮಾಡುವಾಗ ಒಂದೆಂದು ತಿದ್ದಿದ್ದರು. ಅಂಚಿನಲ್ಲಿ ಹಾಗೆಂದು ಬರೆದೂ ಇದ್ದರು. ಖೈರುನ್ನಿಸಾ ಬೈಯಲಿಲ್ಲ. ಮುಂದಿನ ಸಲ ನಮ್ಮಲ್ಲಿಗೇ ಊಟಕ್ಕೆ ಬನ್ನಿ ಎಂದರು.

ನಿಮ್ಮಲ್ಲಿ ಒಂದು ಕೋರಿಕೆ. ವಿಚಿತ್ರವಾಗಿ ಕಾಣುವ ಅಂಕಿಯನ್ನೂ ಹಾಗೆಯೇ ಬಿಡಿ. ಯಾರ ಪ್ರತಿ ಯಾರಿಂದ ಬಂತೆಂದು ಬರೆದಿಡಿ. ನಿಮ್ಮ ಗುರುತಿನವರಲ್ಲದ, ನಿಮ್ಮ ಮೇಲೆ ಅಕ್ಕರೆಯಿಲ್ಲದ ಒಬ್ಬರಿಗಾದರೂ ಎಲ್ಲವನ್ನೂ ಕೊಡಿ.

ನಿನ್ನೆ ಬಾವಿಯ ಮುಚ್ಚಳಕ್ಕೆ ನಾನೇ ಮತ್ತೆ ಬೀಗ ಹಾಕಿದೆ. ಮೊದಲ ಕೊಡ ತಾನೇ ಸೇದುವೆನೆಂದು ಕಾದಿದ್ದ ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ನಿಮ್ಮ,
ಚಂದ್ರವ್ವ